ಹಿಂದಿನ ಸೀಟು

ಅವರ ಅಂಗಿಗಳೆಲ್ಲ ಬಲಗಡೆಯ ಕಾಲರಿನಲ್ಲೇ ಸವೆಯುತ್ತಿದ್ದವು. ಎಡಗಡೆ ಹೊಸದರ ಹಾಗೆ ಗಟ್ಟಿಯಾಗಿ ನಿಂತಿರುತ್ತಿತ್ತು. ಬಲಗಡೆ ಮಾತ್ರ ನೂಲು ಎದ್ದು, ಮಡಿಕೆಯ ಅಂಚು ಬಿಳಿಚಿಕೊಂಡು, ಒಳಗಿನ ದಪ್ಪ ಬಟ್ಟೆ ಇಣುಕುತ್ತಿತ್ತು. ಅವರ ಹೆಂಡತಿ ಆ ಕಾಲರನ್ನು ಬಿಚ್ಚಿಸಿ, ಮಗುಚಿ ಹೊಲಿಸುತ್ತಿದ್ದರಂತೆ. ಸ್ವಲ್ಪ ದಿನಕ್ಕೆ ಅದೂ ಅದೇ ಜಾಗದಲ್ಲಿ ಸವೆದು ಕೂರುತ್ತಿತ್ತು. ಕತ್ತನ್ನು ಬಲಕ್ಕೆ ಪೂರ್ತಿ ತಿರುಗಿಸಿ, ಗಲ್ಲವನ್ನು ಭುಜಕ್ಕೆ ಒತ್ತಿ, ಕಾರಿನ ಹಿಂದಿನ ಸೀಟನ್ನು ನೋಡುವುದು ಅವರ ಅಭ್ಯಾಸ. ದಿನಕ್ಕೆ ಎಷ್ಟು ಸಲವೋ ದೇವರೇ ಬಲ್ಲ. ಆ ಸೀಟಿನಲ್ಲಿ ಯಾರೂ ಇರುತ್ತಿರಲಿಲ್ಲ.

ಅವರು ನನಗೆ ಕಾರು ಓಡಿಸುವುದನ್ನು ಕಲಿಸಿದ ಮೇಷ್ಟ್ರು. ನಲವತ್ತು ದಾಟಿದ ಮೇಲೆ ನನಗೆ ಈ ಹುಚ್ಚು ಹತ್ತಿತ್ತು. ನಮ್ಮ ಮನೆ ತುಮಕೂರಿನಲ್ಲಿ, ನನ್ನ ಮೆಡಿಕಲ್ ಸ್ಟೋರ್ ಗುಬ್ಬಿಯಲ್ಲಿ. ದಿನಾ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗಿ ಬಂದು ಸಾಕಾಗಿತ್ತು. ಮೊದಲು ನನ್ನ ಗಂಡನೇ ಕಲಿಸುತ್ತೇನೆಂದು ಪಕ್ಕದಲ್ಲಿ ಕೂತರು. ಬಟವಾಡಿ ತಲುಪುವಷ್ಟರಲ್ಲಿ ನಮ್ಮ ಜಗಳ ಕ್ಲಚ್ಚಿನಿಂದ ಶುರುವಾಗಿ ಮದುವೆಯಲ್ಲಿ ಯಾರ ಕಡೆಯವರಿಗೆ ಊಟ ಸಾಲಲಿಲ್ಲ ಎಂಬಲ್ಲಿಗೆ ಬಂದು ನಿಂತಿತ್ತು. ಸಂಸಾರ ಉಳಿಯಬೇಕಾದರೆ ಗಂಡನ ಹತ್ತಿರ ಕಾರು ಕಲಿಯಬಾರದು ಎಂದು ನಿರ್ಧರಿಸಿ ಮಾರನೆಯ ದಿನವೇ ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಅಲ್ಲಿ ಸಿಕ್ಕವರು ಇವರು. ಐವತ್ತರ ಆಸುಪಾಸು, ಕಡ್ಡಿಯಂಥ ಮೈ, ಬಾಯಲ್ಲಿ ಸದಾ ಒಂದು ಲವಂಗ. ಬೈಯುವವರಲ್ಲ. ಗೇರು ಕಿರ್ರೆಂದು ಕಿರುಚಿದರೆ, ಪಾಪ ಅದಕ್ಕೂ ನೋಯುತ್ತದೆ ಎನ್ನುವರು, ಅಷ್ಟೇ. ಅವರ ಕಾಲ ಕೆಳಗೂ ಒಂದು ಬ್ರೇಕ್ ಇತ್ತು. ಅದನ್ನು ಎಷ್ಟು ಮೆತ್ತಗೆ ಒತ್ತುತ್ತಿದ್ದರೆಂದರೆ ಕಾರು ನಿಲ್ಲಿಸಿದ್ದು ನಾನೇ ಎಂದು ನಾನು ಬೀಗುತ್ತಿದ್ದೆ. ಟೀ ಅಂಗಡಿಯಲ್ಲೂ ಬಾಗಿಲ ಹತ್ತಿರದ ಕುರ್ಚಿಯೇ ಬೇಕು. ಒಳಗೆ ಫ್ಯಾನಿದೆ ಬನ್ನಿ ಎಂದರೂ ಬರುತ್ತಿರಲಿಲ್ಲ.

ಅವರದು ಒಂದೇ ಒಂದು ಹಟ. ಬೆಲ್ಟ್ ಹಾಕಿ, ಕನ್ನಡಿ ಸರಿಮಾಡಿ, ಇಂಜಿನ್ ಚಾಲೂ ಮಾಡಿದ ಮೇಲೆ, ಗಾಡಿ ಎತ್ತುವ ಮುನ್ನ, ಕತ್ತು ತಿರುಗಿಸಿ ಹಿಂದಿನ ಸೀಟು ನೋಡಲೇಬೇಕು. ಖಾಲಿ ಎಂದು ಗೊತ್ತಿದ್ದರೂ ನೋಡಬೇಕು. ಕನ್ನಡಿ ಇದೆಯಲ್ಲ ಮೇಷ್ಟ್ರೆ ಎಂದು ನಾನು ತಕರಾರು ತೆಗೆದೆ.

"ಕನ್ನಡಿ ರೋಡಿಗೆ ಮೇಡಂ. ಗಾಡೀಲಿ ಯಾರವ್ರೆ ಅಂತ ತಿಳ್ಕೊಳಾಕೆ ಕತ್ತೇ ತಿರುಗಿಸ್ಬೇಕು," ಎಂದರು.

ಅವರ ಶಿಷ್ಯರನ್ನು ಊರಲ್ಲಿ ಯಾರು ಬೇಕಾದರೂ ಗುರುತು ಹಿಡಿಯಬಹುದಿತ್ತು. ಲೈಸೆನ್ಸ್ ಪರೀಕ್ಷೆಯ ದಿನ ನಾನು ಭಕ್ತಿಯಿಂದ ಹಿಂದೆ ತಿರುಗಿದಾಗ, ಪಕ್ಕದಲ್ಲಿದ್ದ ಅಧಿಕಾರಿ, ಏನಮ್ಮ, ದೆವ್ವ ಗಿವ್ವ ಕೂತಿದೆಯಾ ಎಂದು ನಕ್ಕರು. ಇದನ್ನು ಮೇಷ್ಟ್ರಿಗೆ ಹೇಳಿ ನಾನೂ ನಕ್ಕೆ. ಅವರು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ಸರಿಸಿದರು. ಇನ್ನೊಬ್ಬರ ಮುಖ ನೋಡಿ ನಗುವುದನ್ನು ನಿಲ್ಲಿಸುವ ಬುದ್ಧಿ ನನಗೆ ಆಗ ಇರಲಿಲ್ಲ.

ಅವರು ಲಿಬಿಯಾದಲ್ಲಿದ್ದು ಬಂದವರು ಎನ್ನುವುದು ಸ್ಕೂಲಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿಗೆ ಲಾರಿ ಓಡಿಸಲು ಹೋಗಿ, ಅಂತರ್ಯುದ್ಧದಲ್ಲಿ ಸಿಕ್ಕಿಕೊಂಡು, ಬರಿಗೈಲಿ ವಾಪಸಾದರು ಎಂಬುದು ನಮಗೆ ಗೊತ್ತಿದ್ದ ಕತೆ. ಅದಕ್ಕಿಂತ ಹೆಚ್ಚು ಯಾರೂ ಕೇಳಿರಲಿಲ್ಲ. ಕೇಳಿದವರು, ಅಲ್ಲಿ ಪೆಟ್ರೋಲು ನೀರಿಗಿಂತ ಅಗ್ಗವಂತೆ, ಹೌದಾ ಎಂದು ಕೇಳಿರಬೇಕು.

ಒಂದು ದಿನ ಗೂಳೂರಿನ ರಸ್ತೆ ಹಂಪಿನ ಮೇಲೆ ನನ್ನ ಕಾರು ಎಂದಿನಂತೆ ಆಫ್ ಆಯಿತು. ಪಕ್ಕದಲ್ಲಿ ಒಂದು ಪ್ರೈವೇಟ್ ಬಸ್ಸು ಜನ ಹತ್ತಿಸಿಕೊಳ್ಳುತ್ತಿತ್ತು. ನಾನು ಮತ್ತೆ ಚಾಲೂ ಮಾಡಿ ಇನ್ನೇನು ಎತ್ತಬೇಕು, ಕಂಡಕ್ಟರ್ ಬಸ್ಸಿನ ತಗಡಿಗೆ ಎರಡು ಸಲ ದಬದಬ ಬಡಿದ. ನಮ್ಮ ಕಡೆ ಇದು ಮಕ್ಕಳಿಗೂ ಗೊತ್ತು. ಬಸ್ಸಿರಲಿ, ಲಾರಿಯಿರಲಿ, ಒಂದು ಸಲ ಬಡಿದರೆ ನಿಲ್ಲಿಸು, ಎರಡು ಸಲ ಬಡಿದರೆ ರೈಟ್, ಹೊರಡು. ಬಸ್ಸು ಹೊರಟಿತು. ನಮ್ಮ ಕಾರು ಮಾತ್ರ ಮುಗ್ಗರಿಸಿ ನಿಂತಿತು. ಅಷ್ಟು ಮೆತ್ತಗೆ ಬ್ರೇಕ್ ಒತ್ತುವ ಮನುಷ್ಯ ಎರಡೂ ಕಾಲನ್ನು ಅದರ ಮೇಲಿಟ್ಟು ಕೂತಿದ್ದರು. ಹಣೆ, ಕುತ್ತಿಗೆ ಎಲ್ಲ ಬೆವರು. ತಲೆ ಹಿಂದಿನ ಸೀಟಿನ ಕಡೆಗಿತ್ತು. ಬಿಪಿ ಇರಬೇಕು ಎಂದು ನಾನು ಅಂಗಡಿಯವಳ ಗತ್ತಿನಲ್ಲಿ ಹೇಳಿ, ಬ್ಯಾಗಿನಿಂದ ಗ್ಲೂಕೋಸ್ ತೆಗೆದು ಕೊಟ್ಟೆ. ನನ್ನದು ಅದೊಂದು ಚಾಳಿ. ಯಾರ ಮುಖ ಬಾಡಿದರೂ ಕಾರಣ ಕೇಳುವ ಮೊದಲೇ ನನ್ನ ಕೈ ಮಾತ್ರೆಯ ಡಬ್ಬಿಗೆ ಹೋಗುತ್ತದೆ.

ಕಡೆಯ ಪಾಠ ಎಲ್ಲ ಶಿಷ್ಯರಿಗೂ ಒಂದೇ. ಭಾನುವಾರ ಬೆಳಗ್ಗೆ ತುಮಕೂರು ಬಿಟ್ಟು, ಗೂಳೂರು, ಹೆಬ್ಬೂರು ದಾಟಿ, ಕುಣಿಗಲ್ ಹತ್ತಿರದ ಕೊತ್ತಗೆರೆಗೆ ಹೋಗಿ ಬರುವುದು. ಲಾಂಗ್ ಡ್ರೈವ್ ಅಭ್ಯಾಸಕ್ಕೆ ಆ ರಸ್ತೆ ಒಳ್ಳೆಯದು ಎಂದಷ್ಟೇ ನಾನು ತಿಳಿದಿದ್ದೆ. ಸರದಿ ನನ್ನದಾದಾಗ ಕೊತ್ತಗೆರೆಯಲ್ಲಿ ಒಂದು ಹೆಂಚಿನ ಮನೆಯ ಮುಂದೆ ಕಾರು ನಿಲ್ಲಿಸಿದರು. ಒಳಗಿನಿಂದ ಬಂದವರು ಅರವತ್ತರ ಹತ್ತಿರದ, ಗಟ್ಟಿ ದನಿಯ ಹೆಂಗಸು. ಶಾಲೆಯ ಬಿಸಿಯೂಟದ ಅಡುಗೆಯವರು. ಮಗಳು, ಅಳಿಯ, ಮೊಮ್ಮಕ್ಕಳು ತುಂಬಿದ ಮನೆ. ನನ್ನ ಮುಖ ನೋಡಿದ್ದೇ, "ಈ ಸಲ ಹೆಣ್ಣ್ ಡ್ರೈವರ್ ತಂದವ್ರೆ," ಎಂದು ಒಳಗೆ ಕೂಗಿ ಹೇಳಿದರು. ಮುದ್ದೆ, ಹುರುಳಿಕಾಳಿನ ಸಾರು. ಬೇಡವೆಂದರೂ ಬಿಡಲಿಲ್ಲ.

ಊಟಕ್ಕೆ ಕೂತಾಗ ಆ ಅಮ್ಮನೇ ಕತೆ ಹೇಳಿದರು. ಬಂದವರಿಗೆಲ್ಲ ಹೇಳುತ್ತಿದ್ದರೆಂದು ಕಾಣುತ್ತದೆ, ಅಷ್ಟು ಸರಾಗವಾಗಿತ್ತು. ಅವರ ಮಗ ಗುಬ್ಬಿ ಕಡೆಯ ಲಾರಿಗಳಿಗೆ ತೆಂಗಿನಕಾಯಿ ತುಂಬುವ ಕೆಲಸ ಮಾಡುತ್ತಿದ್ದ. ಏಜೆಂಟ್ ಮಾತು ನಂಬಿ ಲಿಬಿಯಾಕ್ಕೆ ಹೋದ. ವಿಮಾನ ನಿಲ್ದಾಣದಲ್ಲಿ ಇನ್ನೊಂದು ಕನ್ನಡದ ದನಿ ಕೇಳಿಸಿತು, ಅದು ಮೇಷ್ಟ್ರದು. ಇಬ್ಬರೂ ಒಂದೇ ಲಾರಿಗೆ ಬಿದ್ದರು. ಯುದ್ಧ ಜೋರಾದಾಗ ಒಂದು ಕಡೆ ಬಾಂಬು ಬೀಳುತ್ತಿದ್ದರೂ ಮಗ ಲಾರಿಯ ಹಿಂದೆ ನಿಂತು ರೈಟ್ ಕೊಟ್ಟು ಇವರನ್ನು ಕಳಿಸಿದ. ತಾನು ಅಲ್ಲೇ ಉಳಿದ.

"ತಾನ್ ಹತ್ನಿಲ್ಲ ಕಣವ್ವ, ಇವ್ರನ್ನ ಕಳುಸ್ದ. ಅಂತೋನು ಸಾಯಾಕಿಲ್ಲ. ಎಲ್ಲೋ ಅವ್ನೆ," ಎಂದರು.

ತಿಥಿ ಮಾಡಿ ಎಂದ ನೆಂಟರನ್ನು ಅವರು ಬಾಗಿಲಿಂದಾಚೆ ಕಳಿಸಿದ್ದರಂತೆ. ಮೇಷ್ಟ್ರು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದರು. ನಾವು ಹೊರಟಾಗ ಅಮ್ಮ ಕಾರಿನವರೆಗೂ ಬಂದು, ಅದರ ನೆತ್ತಿಯ ಮೇಲೆ ಅಂಗೈಯಿಂದ ಎರಡು ಸಲ ಬಡಿದು, "ರೈಟ್, ಹೋಗ್ಬನ್ನಿ," ಎಂದರು. ಅದು ಅವರ ಮಗನ ಹೆಸರಿನಲ್ಲಿ ಮಾಡುತ್ತಿದ್ದ ಆಶೀರ್ವಾದ. ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು.

ಹೆಬ್ಬೂರಿನ ಟೀ ಅಂಗಡಿಯಲ್ಲಿ, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಅವರೇ ಮಾತು ತೆಗೆದರು. ನಾನು ಕೇಳಿರಲಿಲ್ಲ. ಕಂಪನಿ ಸೇರಿದ ದಿನವೇ ಪಾಸ್‌ಪೋರ್ಟ್ ಕಸಿದುಕೊಂಡರಂತೆ. ಒಂದೇ ದೇಶದ ಎರಡು ಕಡೆಯವರು ಹೊಡೆದಾಡಲು ಶುರುಮಾಡಿದಾಗ ಕಂಪನಿಯ ಮಾಲೀಕ ತನ್ನ ಲಾರಿಗಳನ್ನು ಒಂದು ಕಡೆಯ ಬಂದೂಕಿನವರಿಗೆ ಕೊಟ್ಟು ಓಡಿಹೋದ. ಲಾರಿಯ ಜೊತೆಗೆ ಇವರನ್ನೂ ಕೊಟ್ಟ.

"ಗಾಡಿ ಮಾರುದ್ರೆ ಸ್ಟೆಪ್ನಿ ಜೊತೇಲೇ ಹೋಗುತ್ತಲ್ಲ ಮೇಡಂ, ಹಂಗೆ," ಎಂದು ನಕ್ಕರು.

ಒಂದು ಗೋದಾಮಿನಲ್ಲಿ ಕೂಡಿಹಾಕಿ, ಹೊರಗಿನಿಂದ ಚಿಲಕ ಹಾಕುತ್ತಿದ್ದರು. ಒಳಗೆ ಇವರಿಬ್ಬರು, ಕೆಲವರು ಬಾಂಗ್ಲಾದವರು, ಮಿಕ್ಕವರೆಲ್ಲ ಆಫ್ರಿಕಾದ ಬೇರೆ ಬೇರೆ ದೇಶಗಳವರು, ಸಮುದ್ರ ದಾಟಲು ಬಂದು ಸಿಕ್ಕಿಬಿದ್ದವರು. ಅವರಲ್ಲಿ ಕೆಲವರನ್ನು ಕೈಯಿಂದ ಕೈಗೆ ಮಾರಿದ್ದರು. ಸಂಬಳದ ಮಾತೇ ಇಲ್ಲ. ಮದ್ದುಗುಂಡಿನ ಪೆಟ್ಟಿಗೆ ಹೊರುವುದು, ಮರಳು ಮೂಟೆ ಕಟ್ಟುವುದು, ಗುಂಡಿ ತೋಡುವುದು, ಹೆಣ ತರುವುದು. ಒಲ್ಲೆ ಎಂದವನನ್ನು ಉಳಿದವರ ಮುಂದೆಯೇ ಹೊಡೆಯುತ್ತಿದ್ದರು. ಯಾವ ಕಡೆಯವರು ಗೆದ್ದರೆ ತಮಗೆ ಒಳ್ಳೆಯದು ಎಂಬುದು ಕೂಡ ಇವರಿಗೆ ತಿಳಿಯದು.

ಮೇಷ್ಟ್ರು ಲಾರಿ ಓಡಿಸಬೇಕು. ಸುತ್ತಲೂ ತಗಡು ಮುಚ್ಚಿದ ಲಾರಿ, ಡ್ರೈವರಿಗೆ ಹಿಂದೆ ಏನೂ ಕಾಣದು. ಜನರನ್ನೂ ಪೆಟ್ಟಿಗೆಗಳನ್ನೂ ಒಟ್ಟಿಗೇ ತುಂಬುತ್ತಿದ್ದರು. ಹಾಗಾಗಿ ಕೊತ್ತಗೆರೆಯ ಗೆಳೆಯ ಹಿಂದಿನ ಬಾಗಿಲ ಹತ್ತಿರ ನಿಂತು ನಮ್ಮೂರ ಪದ್ಧತಿಯಲ್ಲೇ ತಗಡು ಬಡಿಯುತ್ತಿದ್ದ. ಎಲ್ಲರೂ ಹತ್ತಿದ ಮೇಲೆ ಎರಡು ಬಡಿತ. ಭಾಷೆ ಬಾರದ ಆಫ್ರಿಕಾದವರೂ ಅದನ್ನು ಕಲಿತಿದ್ದರಂತೆ. ಎರಡು ಬಡಿದು, ರೈಟ್ ರೈಟ್ ಎಂದು ನಗುತ್ತಿದ್ದರಂತೆ. ಆ ಗೋದಾಮಿನಲ್ಲಿ ಅವರೆಲ್ಲರಿಗೂ ಗೊತ್ತಿದ್ದ ಕನ್ನಡ ಅದೊಂದೇ.

"ಅವತ್ತು ಗೋಡೆ ಮರೇಲಿ ಗಾಡಿ ನಿಲ್ಸಿದ್ದೆ. ಇಂಜಿನ್ ಆನಲ್ಲೇ ಇತ್ತು. ಅವ್ರೆಲ್ಲ ಪೆಟ್ಟಿಗೆ ಇಳಿಸ್ತಿದ್ರು. ಮೇಲಿಂದ ಬಾಂಬು ಬೀಳಾಕೆ ಶುರುವಾಯ್ತು. ಕಾವಲಿನೋರು ಓಡೋದ್ರು. ಆಗ ಬಾಡಿ ಮೇಲೆ ಬಡಿದ್ರು ಮೇಡಂ. ಎರಡು ಸಲ ಅಂತ ಕೇಳುಸ್ತು. ಎತ್ತಿದೆ."

ಅವರು ಟೀ ಲೋಟವನ್ನು ಮೇಜಿನ ಮೇಲೆ ಇಟ್ಟರು.

"ಒಂದೇ ಸಲ ಬಡಿದಿದ್ರಾ, ಎಲ್ರೂ ಸೇರಿ ನಿಲ್ಸು ನಿಲ್ಸು ಅಂತ ಬಡಿದ್ರಾ, ಇಲ್ಲ ಬರೀ ಕಲ್ಲು ಬಿತ್ತಾ, ಗೊತ್ತಿಲ್ಲ. ನಂಗೆ ಎರಡು ಬೇಕಾಗಿತ್ತು, ಎರಡು ಕೇಳುಸ್ತು. ಊರಿಗ್ ಬಂದು ಅವ್ರಮ್ಮನ ಮುಂದೆ ಎಲ್ಲ ಹೇಳ್ಬೇಕು ಅಂತಾನೇ ಹೋದೆ. ಅವ್ನು ರೈಟ್ ಕೊಟ್ಟ, ನಾನ್ ಎತ್ತಿದೆ, ಅಂದೆ. ಅಷ್ಟಕ್ಕೇ ಅವ್ರು ನನ್ ಕೈ ಹಿಡ್ಕೊಂಡ್‌ಬುಟ್ರು. ಅಲ್ಲಿಂದ ಮುಂದಕ್ಕೆ ಬಾಯಿ ಬರ್ಲಿಲ್ಲ. ಇವತ್ತಿಗೂ ಬರ್ಲಿಲ್ಲ. ಒಬ್ನೇ ಹೋಗಾಕೆ ಧೈರ್ಯ ಇಲ್ಲ, ಅದ್ಕೇ ನಿಮ್ಮಂತೋರ್ನ ಕರ್ಕೊಂಡ್ ಹೋಗ್ತೀನಿ. ಅವನಮ್ಮ ಆದ್ರೂ ಸಿಕ್ಕವ್ರೆ. ಮಿಕ್ಕೋರ ಅಮ್ಮಂದ್ರು ಎಲ್ಲವ್ರೋ."

ನಾನು ಏನೋ ಹೇಳಲು ಹೊರಟೆ. ಅವರು ಕೈ ಎತ್ತಿ ತಡೆದರು.

"ಸುಮಾರು ದೂರ ಹೋದ್ಮೇಲೆ ನಿಲ್ಸಿದೆ. ಇಳಿದು ಹಿಂದಿನ ಬಾಗ್ಲು ತೆಗ್ದೆ. ಯಾರೂ ಇರ್ಲಿಲ್ಲ. ಆಮೇಲೆ..."

"ಮೇಷ್ಟ್ರೆ, ಸಾಕು ಬಿಡಿ," ಎಂದೆ ನಾನು. ಅವರ ಮುಖ ಬಾಡಿತ್ತು, ನನ್ನ ಕಣ್ಣಲ್ಲಿ ನೀರಿತ್ತು, ಅಂಗಡಿಯವನು ನಮ್ಮ ಕಡೆಯೇ ನೋಡುತ್ತಿದ್ದ. ಇದರಲ್ಲಿ ನಿಮ್ಮ ತಪ್ಪೇನಿದೆ ಎಂದೆ. ನಿಮ್ಮ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು, ಆ ತಾಯಿಗೆ ಇದನ್ನೆಲ್ಲ ಹೇಳಿ ಇರುವ ನೆಮ್ಮದಿ ಕಿತ್ತುಕೊಳ್ಳಬೇಡಿ ಎಂದೆ. ದೇವರು ನಿಮ್ಮನ್ನು ಉಳಿಸಿದ್ದಕ್ಕೆ ಏನೋ ಕಾರಣವಿರುತ್ತದೆ ಎಂದೂ ಸೇರಿಸಿದೆ. ಬಹಳ ಚೆನ್ನಾಗಿ ಮಾತಾಡಿದೆ. ಅವರು, ಹೂಂ ಮೇಡಂ, ನೀವು ಹೇಳೋದು ಸರಿ ಎಂದು, ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. ಒಬ್ಬರ ಎದೆಯ ಭಾರ ಇಳಿಸಿದೆ ಎಂಬ ಖುಷಿಯಲ್ಲಿ ನಾನು ಗೂಳೂರಿನ ಹಂಪನ್ನು ಮೊದಲ ಸಲ ಆಫ್ ಆಗದೆ ದಾಟಿಸಿದೆ.

ಲೈಸೆನ್ಸ್ ಬಂತು, ಕಾರೂ ಬಂತು. ಮೇಷ್ಟ್ರ ಪರಿಚಯ ಬಿಡಲಿಲ್ಲ. ಗುಬ್ಬಿಯ ಕಡೆ ಬಂದಾಗ ಅಂಗಡಿಗೆ ಬಂದು ಬಿಪಿ ಮಾತ್ರೆ ಕೊಳ್ಳುತ್ತಿದ್ದರು, ನನ್ನ ಕಾರಿನ ಟೈರು ಒದ್ದು ನೋಡಿ ಗಾಳಿ ಕಮ್ಮಿ ಎಂದು ಗದರುತ್ತಿದ್ದರು. ಯಾವಾಗಲಾದರೂ ಭಾನುವಾರ ಅವರ ಜೊತೆ ಕೊತ್ತಗೆರೆಗೂ ಹೋಗುತ್ತಿದ್ದೆ. ಅಮ್ಮ ಅದೇ ಕತೆ ಹೇಳುವರು. ಮೇಷ್ಟ್ರು ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಅಮ್ಮ ಒಂದು ವಿಷಯ ಎನ್ನುವರು. ಆಮೇಲೆ ನನ್ನ ಮುಖ ನೋಡುವರು. ನಾನು ಬೇಡ ಎನ್ನುವ ಹಾಗೆ ಕಣ್ಣಲ್ಲೇ ಸನ್ನೆ ಮಾಡುವೆ. ಅವರು ಮಾತು ತಿರುಗಿಸಿ ಶಾಲೆಯ ಗ್ಯಾಸ್ ಬಂತಾ ಎಂದು ಕೇಳುವರು. ಆ ಸನ್ನೆ ನೆನೆದರೆ ಈಗ ನನ್ನ ಕಣ್ಣನ್ನು ನಾನೇ ಚಿವುಟಿಕೊಳ್ಳಬೇಕು ಅನ್ನಿಸುತ್ತದೆ.

ಟೀ ಅಂಗಡಿಯ ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಮರೆತಿದ್ದಾರೆ, ಸಮಾಧಾನವಾಗಿದೆ ಎಂದು ನಾನು ನಂಬಿದ್ದೆ. ಬಲಗಡೆಯ ಕಾಲರ್ ಸವೆಯುತ್ತಲೇ ಇತ್ತು, ಅದನ್ನೂ ನೋಡುತ್ತಲೇ ಇದ್ದೆ.

ಹೋದ ವರ್ಷ ಅವರು ಪಾಠ ಮಾಡುತ್ತಲೇ ತೀರಿಹೋದರು. ಕಲಿಯುತ್ತಿದ್ದದ್ದು ಕಾಲೇಜು ಹುಡುಗಿ. ಎದೆ ಹಿಡಿದುಕೊಂಡು, ಗಾಬರಿಯಾಗದ ದನಿಯಲ್ಲಿ, ಸೈಡಿಗೆ ಹಾಕಮ್ಮ ಎಂದರಂತೆ. ತಮ್ಮ ಕಡೆಯ ಬ್ರೇಕನ್ನು ಮೆತ್ತಗೆ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಎಂದಿನಂತೆ ಹಿಂದಿನ ಸೀಟಿನ ಕಡೆ ತಿರುಗಿದರಂತೆ. ಮತ್ತೆ ಮುಂದಕ್ಕೆ ತಿರುಗಲಿಲ್ಲ. ಆ ಹುಡುಗಿಗೆ ಒಂದು ತರಚು ಗಾಯವೂ ಆಗಿರಲಿಲ್ಲ.

ಕೊತ್ತಗೆರೆಗೆ ಸುದ್ದಿ ತಿಳಿಸಲು ನಾನೇ ಹೋದೆ, ಒಬ್ಬಳೇ. ಅಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಹೇಳಿದೆ. ಸೆರಗಿನಿಂದ ಮುಖ ಒರೆಸಿಕೊಂಡರು. ನನ್ನ ಮಗ ಉಳಿಸಿಕೊಟ್ಟ ಜೀವ, ಇಷ್ಟು ವರ್ಷ ಬಾಳಿತಲ್ಲ ಎಂದರು. ಆಮೇಲೆ, ಅವರು ಪ್ರತಿ ಸಲ ಏನೋ ಹೇಳಲು ಬಾಯಿ ತೆಗೆದು ಸುಮ್ಮನಾಗುತ್ತಿದ್ದರು, ನಿನಗೇನಾದರೂ ಗೊತ್ತೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಅಸಹ್ಯವಾಯಿತು.

ಕಾರು ಹತ್ತಿ ಚಾಲೂ ಮಾಡಿದೆ. ಕಾರಿನ ನೆತ್ತಿಯ ಮೇಲೆ ಎರಡು ಬಡಿತ ಕೇಳಿಸಿತು. ಅಭ್ಯಾಸದಂತೆ ಕತ್ತು ತಿರುಗಿಸಿದೆ. ಹಿಂದಿನ ಸೀಟು ಖಾಲಿ. ಅದರಾಚೆಯ ಕಿಟಕಿಯಲ್ಲಿ ಅಮ್ಮ ಕಂಡರು. ಎರಡು ಸಲ ಬಡಿದು ರೈಟ್ ಕೊಟ್ಟಿದ್ದವರು ಕೈ ತೆಗೆದಿರಲಿಲ್ಲ. ಕಾರಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದರು. ಬೆರಳುಗಳು ಬಿಗಿಯಾಗಿದ್ದವು. ನಾನು ಕಿವಿಯ ಮಾತು ನಂಬಿ ಗಾಡಿ ಎತ್ತಿದ್ದರೆ ಅವರು ಬಿದ್ದೇ ಬಿಡುತ್ತಿದ್ದರು.

ಇಂಜಿನ್ ಆಫ್ ಮಾಡಿ ಇಳಿದೆ. ಜಗಲಿಯ ಮೇಲೆ ಅವರ ಪಕ್ಕ ಕೂತೆ. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಮೇಷ್ಟ್ರ ಕಾಲರಿನಿಂದ ಶುರುಮಾಡಿದೆ. ಗೋದಾಮು, ತಗಡಿನ ಲಾರಿ, ಗೋಡೆಯ ಮರೆ, ಎರಡೋ ಒಂದೋ ತಿಳಿಯದ ಆ ಬಡಿತ, ಎಲ್ಲ ಹೇಳಿದೆ. ಅವರು ನಡುವೆ ಬಾಯಿ ಹಾಕಲಿಲ್ಲ. ಇನ್ನೊಬ್ಬರ ನೋವನ್ನು ಹೇಗೆ ಕೇಳಬೇಕೆಂಬುದನ್ನು ನಾನು ಅಲ್ಲಿ ಕಂಡೆ. ಹಿಂದಿನ ಬಾಗಿಲು ತೆಗೆದರು, ಯಾರೂ ಇರಲಿಲ್ಲ ಎನ್ನುವಲ್ಲಿಗೆ ನಿಲ್ಲಿಸಿದೆ.

"ಆಮ್ಯಾಕೆ? ವಾಪಸ್ ಹೋದ್ರಾ?" ಎಂದು ಕೇಳಿದರು ಅಮ್ಮ.

ಟೀ ಅಂಗಡಿಯಲ್ಲಿ ಆಮೇಲೆ ಎಂದು ಮೇಷ್ಟ್ರು ಬಾಯಿ ತೆರೆದಾಗ ನಾನು ಅದರೊಳಕ್ಕೆ ನನ್ನ ಸಮಾಧಾನವನ್ನು ತುರುಕಿದ್ದೆ.

"ನಾನ್ ಕೇಳ್ಲಿಲ್ಲಮ್ಮ. ಸಾಕು ಬಿಡಿ ಅಂದ್‌ಬಿಟ್ಟೆ," ಎಂದೆ.

ಅವರು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡರು. ಒಂದು ಕಾಯಿ ಸುಲಿದು ಕಾಳನ್ನು ಸಿಪ್ಪೆಯ ಗುಡ್ಡೆಗೆ ಹಾಕಿದರು, ಸಿಪ್ಪೆಯನ್ನು ಮೊರದಲ್ಲೇ ಇಟ್ಟರು.

"ಅದ್ನೇ ಹೇಳಾಕ್ ಬತ್ತಿದ್ರೇನೋ," ಎಂದರು. "ಯಾರಾದ್ರೂ ಒಬ್ರು ಕೇಳ್ಬೇಕಾಗಿತ್ತು ಕಣವ್ವ."

ನಾನು ಎದ್ದೆ. ಅವರೂ ಎದ್ದು ಕಾರಿನವರೆಗೆ ಬಂದರು. ನಾನು ಚಾಲೂ ಮಾಡಿ, ಕತ್ತು ತಿರುಗಿಸಿ ಹಿಂದೆ ನೋಡಿದೆ. ಅವರು ಎರಡು ಕೈಯನ್ನೂ ಸೆರಗಿನೊಳಗೆ ಮಡಚಿಕೊಂಡು ದೂರ ನಿಂತಿದ್ದರು. ಅವತ್ತು ಕಾರನ್ನು ಬಡಿಯಲಿಲ್ಲ.